ಲಾಳೇಸಾಬ ತಕ್ಕಡಿ ನೋಡಿದ್ದು

ಹಟ್ಟಿ ಕ್ಯಾಂಪಿನಲ್ಲಿ ಎರಡನೇ ಪಾಳಿಯ ಸೈರನ್ ಕೂಗಿದ ಹೊತ್ತು.
ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಬಂದ ಲಾಳೇಸಾಬ
ಟವೆಲ್ಲಿನ ಗಂಟು ಬಿಚ್ಚಿದ.
ಖಾಲಿ ಹಿತ್ತಾಳೆ ತೋಟಾ, ಹನ್ನೊಂದು.
ಬಾಯಿ ಕಪ್ಪು, ಬುಡದಲ್ಲಿ ಸುತ್ತಿಗೆ ಕುಟುಕಿದ ಬೊಟ್ಟು.

‘ಒಡವಿ ಅಲ್ಲ ಮೋನಪ್ಪ, ಗಾಬರಿ ಆಗಬ್ಯಾಡ.
ಇವನ್ನ ಮನ್ಯಾಗ ತುಂಬಬೇಕಂತೀನಿ.
ಹೊಲ ಐತಿ, ಹಂದಿ ಅದಾವ, ಬಂದೂಕ ಐತಿ.
ರಾಯಚೂರಿಗೆ ಏಳು ಸಲ ಹೋಗಿ ಕಾಗದಾನೂ ತಂದೀನಿ.
ಇಲ್ಲದ್ದು ಒಂದ, ತಕ್ಕಡಿ.’

ಮೂವತ್ತೊಂದು ವರ್ಷ ನೆಲದ ಹೊಟ್ಟೆಯಲ್ಲಿ ಬಂಡೆ ಸೀಳಿದವ,
ಮದ್ದನ್ನು ಪೆಟ್ಟಿಗೆಯ ಲೆಕ್ಕದಲ್ಲಿ ಇಳಿಸಿಕೊಂಡವ,
ಈಗ ಅಕ್ಕಸಾಲಿಯ ಮುಂದೆ ಚಕ್ಕಳಮಕ್ಕಳ ಕೂತು
ಗುಲಗಂಜಿಯ ಮಾತಾಡುತ್ತಾನೆ.

ಉಳಿದದ್ದೆಲ್ಲ ಆಗಿದೆಯಂತೆ.
ಒತ್ತುವ ಯಂತ್ರ ಹೈದರಾಬಾದಿನದು, ಎರಕದ ಕಬ್ಬಿಣ,
ಕಟ್ಟೆಗೆ ಬೋಲ್ಟು ಹಾಕಿ ಬಿಗಿದಾಗ ಬೀಬಿಜಾನ್
‘ಶ್ಯಾವಿಗಿ ಒತ್ತಾಕ ಬರತೈತೇನು?’ ಅಂದಳಂತೆ.
ಜಾಲಿ ಹಲಗೆಗೆ ಬಡಿಗ್ಯಾರ ಈರಣ್ಣ ತೂತು ಕೊರೆದಿದ್ದಾನೆ,
ಒಂದು ತೂತಿಗೆ ಒಂದು ತೋಟಾ.
‘ಮರೆತು ಒಂದಕ್ಕ ಎರಡು ಸಲ ಸುರುವಿದೆ ಅನ್ನು,
ಹಂದಿ ಉಳೀತದ, ನನ್ನ ಮಾರಿ ಉಳಿಯಂಗಿಲ್ಲ.’

ನನ್ನ ರಾಜಕೋಟಿನ ಡಿಜಿಟಲ್ ಮುಂದಿಟ್ಟೆ.
ಹಸಿರು ಅಂಕಿ ನೋಡಿ ಮೊದಲು ಖುಷಿಪಟ್ಟ.
ಫ್ಯಾನ್ ತಿರುಗಿತು, ಮೂರನೇ ಅಂಕಿ ಕುಣಿಯಿತು.
ಫ್ಯಾನ್ ಆರಿಸಿದೆ. ಅವನು ಕೆಮ್ಮಿದ, ಮತ್ತೆ ಕುಣಿಯಿತು.
‘ಇದಕ್ಕ ನನಗಿಂತ ಹೆಚ್ಚು ಪುಕ್ಕಲ ಐತಲ್ಲೋ.’
ಅಂಗಡಿಯವ ಕೊಟ್ಟ ಅಳತೆ ಚಮಚ ಕಿಸೆಯಿಂದ ತೆಗೆದು
ತನಗೆ ತಾನೇ ನಾಚಿಕೊಂಡು ಒಳಗಿಟ್ಟ.
ಚಹಾಕ್ಕೆ ಸಕ್ಕರೆ ಸರಿ.

ಆಮೇಲೆ ಅಪ್ಪನ ಪೆಟ್ಟಿಗೆ.
ಕೆಂಪು ಬಟ್ಟೆಯ ಗುಳಿಯಲ್ಲಿ ಎರಡು ತಟ್ಟೆ, ಒಂದು ದಂಡಿ,
ಜಾಲಿಮುಳ್ಳಿನಷ್ಟು ತೆಳ್ಳಗಿನ ನಾಲಗೆ.
ಎತ್ತಿ ಹಿಡಿದೆ.
ಲಾಳೇಸಾಬ ಉಸಿರು ಬಿಗಿಹಿಡಿದದ್ದು ಕೇಳಿಸಿತು.

ಹೇಳಲೋ ಬೇಡವೋ ಅಂತ ಇದ್ದೆ, ಹೇಳಿಬಿಟ್ಟೆ:
ದಿನಾ ಸಂಜೆ ನೀವು ಕೆಳಗೆ ಬಂಡೆ ಹಾರಿಸುವಾಗ
ಮೇಲೆ ಇಲ್ಲಿ ಈ ನಾಲಗೆ ನಡುಗುತ್ತಿತ್ತು.
ತೂಗುತ್ತಿದ್ದ ಮೂಗುಬೊಟ್ಟನ್ನು ಕೆಳಗಿಟ್ಟು ಅಪ್ಪ
ಗಿರಾಕಿಗೆ ಎಲೆ ಅಡಿಕೆ ಕೊಡುತ್ತಿದ್ದ,
‘ಸಾಬರ ಕೆಲಸ ಮುಗೀಲಿ, ತಡೀರಿ.’

ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ.
ತಟ್ಟೆಯ ಮೇಲೆ ಬೆರಳಾಡಿಸಿ ಕೇಳಿದ,
‘ತೊಳದದ್ದಾ?’
ಎಷ್ಟು ತೊಳೆದರೂ ಬಂಗಾರ ಚೂರು ಇರುತ್ತದೆ, ಅಂದೆ.
‘ಹಾಂಗಾರ ನಮ್ಮ ಹಂದಿ ನಸೀಬವಾನ್.’

ತಕ್ಕಡಿ ಕೊಟ್ಟೆ. ಗುಲಗಂಜಿ ಕೊಡಲಿಲ್ಲ.
ಕಾಳಿಗೂ ಕಾಳಿಗೂ ತೂಕ ಬೇರೆ.
ಬಂಗಾರ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ,
ಮದ್ದು ಹಾಕಿಕೊಳ್ಳುವುದಿಲ್ಲ.
ಮುದ್ರೆ ಒತ್ತಿದ ಕಲ್ಲು ತಗೋ, ಲಿಂಗಸುಗೂರಲ್ಲಿ ಸಿಗುತ್ತವೆ.

ದುಡ್ಡು ಎಣಿಸುವಾಗ ಕೇಳಿದೆ, ಬಂದೂಕು ಎಲ್ಲಿ?
‘ಠಾಣೆದಾಗ. ಎಲೆಕ್ಷನ್ ಮುಗಿಯೂತನ ಕೊಡಂಗಿಲ್ಲ.
ಹಂದಿಗೋಳಿಗೆ ಯಾರೂ ಹೇಳಿಲ್ಲ ಕಾಣತದ.’

ಪೆಟ್ಟಿಗೆಯನ್ನು ಕೂಸಿನಂತೆ ಅವಚಿಕೊಂಡು ಹೋದ.
ಬಸ್ ಸ್ಟ್ಯಾಂಡ್ ಕಡೆ, ಬಿಸಿಲಿಗೆ ಬೆನ್ನು ಕೊಟ್ಟು.

ಸಂಜೆ ನೆಲ ಒಮ್ಮೆ ಗುಡುಗಿತು.
ಯಾರೋ ಹೊಸಬರ ಕೈ.
ನನ್ನ ಕೈ ತಾನಾಗಿಯೇ ನಿಂತಿತು, ಎಲೆ ಡಬ್ಬಿಗೆ ಹೋಯಿತು.
ಡಿಜಿಟಲ್ಲಿನಲ್ಲಿ ಒಂದು ಉಂಗುರ,
ಮೂರನೇ ಅಂಕಿ
ಇನ್ನೂ ನಿಂತಿರಲಿಲ್ಲ.