ಕಂಪನಿ ಬಣ್ಣ

ಟ್ಯೂಬ್‌ಲೈಟು ಆರಿಸು, ಅಂದರು ಅಪ್ಪ,
ಅದು ಸುಳ್ಳು ಹೇಳುತ್ತೆ.
ರಾಬರ್ಟ್‌ಸನ್‌ಪೇಟೆಯ ಈ ಅಂಗಡಿಗೆ
ಉತ್ತರಕ್ಕೊಂದೇ ಕಿಟಕಿ,
ಅದರಾಚೆ ಸೈನೈಡ್ ದಿಬ್ಬ, ಬೂದಿ ಬಣ್ಣದ ಬೆಳಗು.
ಆ ಬೆಳಕಿಗೆ ಓರೆಯಾಗಿ ಹಿಡಿದರು ಪಿಸ್ತೂಲನ್ನು,
ಧಾರೆ ಸೀರೆ ಆರಿಸುವವರು
ಅಂಗಡಿಯಿಂದ ಬೀದಿಗೆ ತಂದು ನೋಡುವ ಹಾಗೆ.

ತಂದವರು ಬೇತಮಂಗಲದ ಚೌಡರೆಡ್ಡಿ.
ತಾತ ಯಾರೋ ಗಣಿ ಆಫೀಸರಿಂದ ಕೊಂಡದ್ದಂತೆ.
ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ
ಚೀಟಿ ಕಟ್ಟಿಸಿಕೊಂಡು ಮಲಗಿ ಬರುವುದು;
ಟ್ರಿಗರಿನ ಸುತ್ತ ದಾರದ ಗುರುತು ಇನ್ನೂ ಇತ್ತು.
'ಕಂಪನಿ ಬಣ್ಣ, ಆರೋಗ್ಯಸಾಮಿ. ಒಂದು ಗೀರಿಲ್ಲ.
ನೀವು ಬರೆದುಕೊಟ್ಟರೆ ರೇಟು ಡಬಲ್.'

ಗೀರಿಲ್ಲದ್ದೇ ಅಪ್ಪನ ಮೊದಲ ಅನುಮಾನ.
ತೊಂಬತ್ತು ವರ್ಷ ಚರ್ಮದ ಚೀಲ ಹೊಕ್ಕು ಹೊರಟ ಮೂತಿ
ಸ್ವಲ್ಪವಾದರೂ ಬಿಳಿಚಿಕೊಳ್ಳಬೇಕಿತ್ತು,
ನೀರು ಸೇದುವವಳ ಬೆರಳ ಉಂಗುರದಂತೆ.

ಹೊಳೆಯುವುದೆಲ್ಲ ಚಿನ್ನವಲ್ಲ ಅನ್ನುವ ಗಾದೆ
ನಮ್ಮೂರಲ್ಲಿ ಹುಟ್ಟಿದ್ದಲ್ಲ.
ಇಲ್ಲಿ ಮೇಲೆ ಬಂದದ್ದು ಕಲ್ಲು,
ಹೊಳಪೇ ಇಲ್ಲದ ಕಲ್ಲು.

ಅಚ್ಚೊತ್ತಿದ ಅಕ್ಷರಗಳ ಮೇಲೆ ಉಗುರು ಎಳೆದರು.
ಅಕ್ಷರ ಉಗುರನ್ನು ಹಿಡಿಯಬೇಕು;
ಇವು ಜಾರಿದವು, ನೆನೆದ ಸೋಪಿನ ಹೆಸರಿನಂತೆ.
ತಿರುಪಿನ ತೂತಿನ ಅಂಚು ತಟ್ಟೆಯಾಗಿ ಬಾಗಿದೆ:
ಎಮೆರಿ ಕಾಗದ ಆಡಿದೆ.
ರಾಗಿಹುಲ್ಲಿನ ಬಣ್ಣದ್ದಿರಬೇಕಾದ ಟ್ರಿಗರೂ ನೀಲಿ.
ಹಿಂಬದಿಯಲ್ಲಿ ಮೂರು ಗುಳಿ, ಸಿಡುಬಿನ ಕಲೆಯಷ್ಟು,
ಅವುಗಳ ತಳದಲ್ಲೂ ನೀಲಿ.
ತುಕ್ಕು ಮೊದಲೋ ಬಣ್ಣ ಮೊದಲೋ
ಗುಳಿಯನ್ನೇ ಕೇಳಬೇಕು, ಅಂದರು.

ಆದರೆ ಆ ನೀಲಿ!
ಕಾಗೆ ಕತ್ತು ತಿರುಗಿಸಿದಾಗ ಕಂಡು ಮಾಯವಾಗುವಂಥದ್ದು.
ಬಜಾರಿನ ಡಬ್ಬಿ ಬಣ್ಣವಲ್ಲ.
ಏಳು ಸಲ ತುಕ್ಕು ಹಿಡಿಸಿ, ಏಳು ಸಲ ಕುದಿಸಿ,
ಏಳು ಸಲ ತಂತಿಬ್ರಷ್ಷಿಂದ ಸವರಿ
ಕಾದು ಕೂತವನು ಯಾರೋ.

ಹಿಡಿಯ ಮರದ ಚಕ್ಕೆ ಬಿಚ್ಚಿದರು.
ಬಿಸಿಲೂ ಬೆವರೂ ಮುಟ್ಟದ ಒಳಗೆ
ಪಂಚಿನ ಮೊನೆಯಷ್ಟು ಒಂದು ಚುಕ್ಕಿ.
ಪಕ್ಕದಲ್ಲಿ ಇನ್ನೊಂದು.

ಅಪ್ಪನ ಕೈ ನಿಂತಿತು.

ನಮ್ಮನೆ ಸೌಟಿಗೆ ಆ ಎರಡು ಚುಕ್ಕಿ ಇದೆ.
ಅಮ್ಮನ ಇಸ್ತ್ರಿಪೆಟ್ಟಿಗೆಗೆ ಇದೆ.
ನಾನು ಏಳನೇ ಕ್ಲಾಸಲ್ಲಿ ಓಡಿಸಿದ ಸೈಕಲ್ಲಿನ ಬೆಲ್ಲಿಗೂ.

'ಏನಾಯ್ತು?' ಅಂದರು ರೆಡ್ಡಿ.
ಅಪ್ಪ ಚಕ್ಕೆಯನ್ನು ಮತ್ತೆ ಕೂರಿಸಿದರು,
ತಿರುಪನ್ನು ಕೈಯಲ್ಲೇ ಮುಕ್ಕಾಲು ತಿರುಗಿಸಿ,
ಆಮೇಲೆ ಮಾತ್ರ ಸ್ಕ್ರೂಡ್ರೈವರ್.
'ಬಣ್ಣ ಕಂಪನಿಯದ್ದಲ್ಲ.'
'ಯಾವನು ಹಾಳು ಮಾಡಿದ್ದು?'
'ಗಣಿ ವರ್ಕ್‌ಶಾಪಿನ ಫಿಟ್ಟರು.
ಮೂರನೇ ಶಿಫ್ಟು. ಆಫೀಸರು ಹೊಸದರಂತೆ ಮಾಡು ಅಂದಿರುತ್ತಾನೆ,
ಪಂಪ್ ರಿಪೇರಿ ಅಂತ ಎರಡು ಗಂಟೆ ಓವರ್‌ಟೈಮ್ ಬರೆದಿರುತ್ತಾನೆ.'
'ಅಷ್ಟೆಲ್ಲ ಗುಳಿಯಲ್ಲಿ ಕಾಣುತ್ತಾ?'
'ಕಾಣುತ್ತೆ.'

ನನ್ನ ಕಡೆ ತಿರುಗಿ ಮನೆಯ ತಮಿಳಲ್ಲಿ
'ಎಳುದು, ಸೆಲ್ವಿ' ಅಂದರು.
ಬರೆದೆ: ಬಣ್ಣ ಮೂಲದ್ದಲ್ಲ, ಮರುಲೇಪನ.
ಪೆನ್ನು ಮುಚ್ಚುವಾಗ ಅಂದರು:
'ಕೆಲಸ ಚೆನ್ನಾಗಿದೆ ಅಂತಲೂ ಬರಿ.'

ರೆಡ್ಡಿ ಗೊಣಗಿದರು, ಅದರಿಂದ ರೇಟೇನೂ ಏರಲ್ಲ,
ಸುಮ್ಮನೆ ಒಂದು ಸಾಲು ಯಾಕೆ.
ಅಪ್ಪ ಆಗಲೇ ಟ್ಯೂಬ್‌ಲೈಟು ಹಾಕಲು ಎದ್ದಿದ್ದರು.
ಅದು ಎರಡು ಸಲ ಮಿಣುಕಿ
ಹೊತ್ತಿಕೊಂಡಿತು.