ನಲವತ್ತೆರಡನೇ ಪ್ರಶ್ನೆ

ಶಿಡ್ಲಘಟ್ಟ. ರೀಲಿಂಗ್ ಶೆಡ್ಡಿನ ಮಹಡಿ.
ಕೆಳಗೆ ಗೂಡು ಬೇಯುವ ವಾಸನೆ,
ಮೇಲೆ ಬ್ಯಾಂಕ್ ಪರೀಕ್ಷೆಗೆ ನಾವು ಹನ್ನೊಂದು ಜನ.

ಶೀ ಈಸ್ ಆಂಗ್ರಿ ಡ್ಯಾಶ್ ಹರ್ ಫ್ರೆಂಡ್.
ಆನ್, ಟು, ವಿತ್, ಫ್ರಮ್.

ಆನ್ ಅಂತ ಗುಂಡಗೆ ತುಂಬಿದೆ.
ಸಿಟ್ಟು ಯಾರದಾದರೂ ಮೇಲೇ ತಾನೆ ಬರೋದು?

‘ತಪ್ಪು. ವಿತ್’ ಅಂದರು ಪಿಳ್ಳಪ್ಪ ಮೇಷ್ಟ್ರು.
ಯಾಕೆ ಸಾರ್?
‘ಯಾಕೂ ಇಲ್ಲ. ರೂಢಿ.’
ಮಂಗಳವಾರ ಉಗುರು ತೆಗೀಬೇಡ ಅನ್ನುವಾಗ
ನಮ್ಮಜ್ಜಿಯೂ ಹೀಗೇ.

ಇಂಗ್ಲಿಷಿನಲ್ಲಿ
ಸಿಟ್ಟು ಬಂದರೂ ಜೊತೆಗೇ ಇರಬೇಕಂತೆ.

ಮುಂದಿನ ಬೆಂಚಲ್ಲಿ ಗೌಸಿಯಾ.
ಮಾತು ಬಿಟ್ಟು ಇಪ್ಪತ್ತು ದಿನ.
ಬೆನ್ನು ತಟ್ಟಿ ರಬ್ಬರ್ ಕೇಳಿದೆ.
ತಿರುಗಲಿಲ್ಲ,
ಕೈ ಮಾತ್ರ ಹಿಂದಕ್ಕೆ ಚಾಚಿದಳು.

ರಬ್ಬರಿನ ತುದಿ ಆಗಲೇ ಕಪ್ಪಗಿತ್ತು.
ಅವಳೂ ಈಗಷ್ಟೇ
ಒಂದು ಆನ್ ಅಳಿಸಿದ್ದಳು.