ಹಿಂಬಾಗಿಲ ದಾರಿ

ಬೋರ್ಡು ಓದಬೇಡ ಮಾರಾಯ, ಬೋರ್ಡು ಕುಡಿಯುವವರಿಗೆ.
ನಮಗೆ ಹಿಂಬಾಗಿಲು.
ಬಂದರಿನ ಐಸ್ ಪ್ಲಾಂಟಿನಿಂದ ಸಂಜೆ ನಾಲ್ಕೂವರೆಗೆ ಬಿಟ್ಟರೆ
ಗೋಣಿ ತೊಟ್ಟಿಕ್ಕುವ ಮೊದಲು ಹಂಪನಕಟ್ಟೆ.

ಮೊದಲು ಲೋಬೋನದ್ದು. ಎಂಟು ಮೆಟ್ಟಿಲು, ಆರನೆಯದು ಸಡಿಲ.
ಒಳಗೆ ಗುಲಾಬಿಯಕ್ಕ ಮರುವಾಯಿ ತೊಳೆಯುತ್ತಾ
ತಲೆಯೆತ್ತದೆ, "ಇವತ್ತು ಸಣ್ಣದು ತಂದಿ" ಅನ್ನುತ್ತಾಳೆ.
ದೊಡ್ಡದು ತಂದರೂ ಅದನ್ನೇ ಅನ್ನುತ್ತಾಳೆ.

ಪಾಂಡೇಶ್ವರದಲ್ಲಿ ಫ್ಯಾನಿನ ಕೆಳಗೆ ಕೋಟ್ಯಾನರು,
ಬ್ಯಾಂಕಿನಲ್ಲಿ ಕ್ಯಾಶಿಯರಾಗಿದ್ದವರು,
ನೆಲಗಡಲೆ ಎಣಿಸಿ ತಿನ್ನುತ್ತಾರೆ.
ಚಿಲ್ಲರೆ ಬೇಕಾದರೆ ಕೇಳು. ಸಾಲ ಕೇಳಬೇಡ.

ಕಂಕನಾಡಿಯಲ್ಲಿ ಎರಡು ಉಂಟು, ಎದುರುಬದುರು.
ಅಣ್ಣತಮ್ಮಂದಿರು, ಮಾತಿಲ್ಲ.
ಒಂದೇ ಗಡ್ಡೆಯನ್ನು ಗರಗಸದಲ್ಲಿ ಸೀಳಿ ಇಬ್ಬರಿಗೂ ಕೊಡು.
ಹೆಚ್ಚುಕಮ್ಮಿಯಾದರೆ ಗೊತ್ತಾಗುತ್ತದೆ;
ಅದೊಂದರಲ್ಲಿ ಇಬ್ಬರದ್ದೂ ಅಪ್ಪನ ಕಣ್ಣು.

ಬಿಜೈಯ ಆರನೇ ಮಾಳಿಗೆಯ ಲೌಂಜಿಗೆ ಹೋಗುವುದು ಬೇಡ.
ಅಲ್ಲಿ ಮೆಷಿನಿನಿಂದ ಐಸು
ಗೋಲಿಯ ಹಾಗೆ ಉರುಳಿ ಬೀಳುತ್ತದೆ.
ಒಮ್ಮೆ ಕರೆಂಟು ಹೋಗಿ, ಜನರೇಟರೂ ಕೆಟ್ಟು,
ನನಗೆ ಫೋನು ಮಾಡಿದರು.
ಲಿಫ್ಟಿಲ್ಲ. ಹೆಗಲಲ್ಲಿ ಹೊತ್ತು ಹತ್ತಿದೆ.
ಮೇಲೆ ಮುಟ್ಟುವಾಗ ಕಾಲು ಪಾಲು ನನ್ನ ಬೆನ್ನಲ್ಲಿ ಇಳಿದಿತ್ತು.
ಮೇಣದ ಬೆಳಕಿನಲ್ಲಿ ಹುಡುಗಿಯೊಬ್ಬಳು
ಗ್ಲಾಸು ಮೂಸಿ, "ಮೀನಿನ ವಾಸನೆ" ಅಂದಳು.
ಹೌದು ಮತ್ತೆ.
ಬೂತಾಯಿ ಮಲಗುವ ಐಸಲ್ಲವಾ ಇದು.

ನಾನು ಕುಡಿಯುವುದಾ? ಬೆರಳು ನೋಡು,
ಇವಕ್ಕೆ ಬಿಸಿ ಚಾ ಲೋಟವೇ ಸರಿಯಾಗಿ ತಾಗುವುದಿಲ್ಲ.

ಕೊನೆಗೆ ಜೆಪ್ಪು. ದೂಜಣ್ಣನಲ್ಲಿ ಬಾಗಿಲು ತಟ್ಟಬೇಡ,
ಹೊಸ್ತಿಲಲ್ಲಿಟ್ಟು ಗೋಣಿ ಹೊದೆಸು.
ಉಳಿದಷ್ಟು ಅವನಿಗೆ.
ಲೆಕ್ಕ ಬರೆಯಬೇಡ.